ಸೈಟು ಕೊಂಡವರಿಗೆ ಲಕ್ಕಿ ಡ್ರಾದಲ್ಲಿ ಅರಮನೆ

ಹೊಸ ಲೇಔಟಿನಲ್ಲಿ ಸೈಟು ಬುಕ್ ಮಾಡಿದವರಿಗೆ ಲಕ್ಕಿ ಡ್ರಾ, ಬಹುಮಾನ ಸ್ಕೂಟರು ಅಥವಾ ಚಿನ್ನದ ನಾಣ್ಯ. ಇಂಥ ಜಾಹೀರಾತು ನಮಗೆ ಹೊಸದೇನಲ್ಲ. 1910ರಲ್ಲಿ ಕೆನಡಾದ ಕಡಲತೀರದ ಊರು ವಿಕ್ಟೋರಿಯಾದಲ್ಲೂ ಇಂಥದ್ದೇ ಒಂದು ಡ್ರಾ ನಡೆಯಿತು. ಬಹುಮಾನ ಮಾತ್ರ 39 ಕೋಣೆಗಳ ಕಲ್ಲಿನ ಅರಮನೆ. ಅದರ ಹೆಸರು ಕ್ರೇಗ್‌ಡಾರಕ್ ಕ್ಯಾಸಲ್. ಇವತ್ತು ಅದು ಮ್ಯೂಸಿಯಂ, ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು. ಒಬ್ಬ ಸಿರಿವಂತನ ಮನೆ ಲಕ್ಕಿ ಡ್ರಾಗೆ ಬಂದದ್ದು ಹೇಗೆ, ಆಮೇಲೆ ಉಳಿದದ್ದು ಹೇಗೆ ಎಂದು ತಿಳಿಯಬೇಕಾದರೆ ಕಲ್ಲಿದ್ದಲಿನಿಂದ ಶುರು ಮಾಡಬೇಕು.

ರಾಬರ್ಟ್ ಡನ್ಸ್‌ಮ್ಯೂರ್ ಸ್ಕಾಟ್ಲೆಂಡಿನವನು, ಗಣಿ ಕೆಲಸದ ಮನೆತನದವನು. ಹಡ್ಸನ್ಸ್ ಬೇ ಎಂಬ ಬ್ರಿಟಿಷ್ ವ್ಯಾಪಾರಿ ಕಂಪನಿಯ ಗಣಿಯಲ್ಲಿ ದುಡಿಯಲು 1851ರಲ್ಲಿ ಹೆಂಡತಿ ಜೋನ್ ಜೊತೆ, ವಿಕ್ಟೋರಿಯಾ ಇರುವ ವ್ಯಾಂಕೂವರ್ ದ್ವೀಪಕ್ಕೆ ಬಂದ. ಅಷ್ಟು ದೂರ ಬರಲು ಒಪ್ಪದ ಹೆಂಡತಿಗೆ 'ನಿನಗೊಂದು ಕೋಟೆ ಕಟ್ಟಿಸಿಕೊಡ್ತೀನಿ' ಎಂದು ಪುಸಲಾಯಿಸಿದ ಅಂತ ಊರಿನಲ್ಲಿ ಒಂದು ಕತೆ ಇದೆ. ಕತೆ ಚೆನ್ನಾಗಿದೆ, ಅಷ್ಟೇ. 1869ರಲ್ಲಿ ಅದೇ ದ್ವೀಪದ ನನೈಮೊ ಊರಿನ ಹತ್ತಿರದ ಕಾಡಿನಲ್ಲಿ ಅವನಿಗೆ ಒಳ್ಳೆಯ ಕಲ್ಲಿದ್ದಲಿನ ಪದರ ಸಿಕ್ಕಿತು. ಅದೇ ವೆಲಿಂಗ್ಟನ್ ಗಣಿ. ಅಲ್ಲಿನ ಕಲ್ಲಿದ್ದಲು ಹಡಗು ಹತ್ತಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು, ದುಡ್ಡು ವಾಪಸ್ ಬಂತು.

ಆಮೇಲೆ ರೈಲು. ದ್ವೀಪದಲ್ಲಿ ಹಳಿ ಹಾಕಿದ್ದಕ್ಕೆ ಸರ್ಕಾರದಿಂದ ಅವನ ಕಂಪನಿಗೆ 7,50,000 ಡಾಲರ್ ಸಿಕ್ಕಿತು. ಜೊತೆಗೆ ಸುಮಾರು 20 ಲಕ್ಷ ಎಕರೆ ಜಮೀನು. ಅಂದರೆ ದ್ವೀಪದ ಹೆಚ್ಚೂಕಡಿಮೆ ಕಾಲು ಭಾಗ! ಅಲ್ಲಿ ತಲತಲಾಂತರದಿಂದ ಬದುಕಿದ್ದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಆ ತಕರಾರು ಇನ್ನೂ ಮುಗಿದಿಲ್ಲ.

ಗಣಿಯ ಕತೆ ಅರಮನೆಯಷ್ಟು ಚಂದ ಇಲ್ಲ. 1877ರಲ್ಲಿ ಕೂಲಿಗಾಗಿ ಕಾರ್ಮಿಕರು ಮುಷ್ಕರ ಹೂಡಿದರು. ಡನ್ಸ್‌ಮ್ಯೂರ್ ಅವರನ್ನು ಕಂಪನಿ ಮನೆಗಳಿಂದ ಹೊರಹಾಕಿಸಿದ. ಸೇನಾಪಡೆಯೂ ಬಂತು. 1888ರ ಜನವರಿಯಲ್ಲಿ ವೆಲಿಂಗ್ಟನ್ ಗಣಿಯೊಳಗೆ ಸ್ಫೋಟವಾಗಿ 77 ಜನ ಸತ್ತರು. ಅವರಲ್ಲಿ ಚೀನಾದಿಂದ ಬಂದ ಕೂಲಿಗಳೂ ಇದ್ದರು. ಅರಮನೆಯ ಕೆಲಸ ಶುರುವಾದದ್ದು 1887ರಲ್ಲಿ. ಗಣಿಯಿಂದ ಹೆಣಗಳನ್ನು ಎತ್ತುತ್ತಿದ್ದಾಗ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಈ ಮನೆ ಎದ್ದು ನಿಲ್ಲುತ್ತಿತ್ತು. ಅಲ್ಲಿಗೆ ಹೋಗುವವರು ಈ ಎರಡು ಇಸವಿಗಳನ್ನು ನೆನಪಿಟ್ಟುಕೊಂಡರೆ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಮನೆಯೇನೋ ಭರ್ಜರಿಯೇ. ಬಾಗಿಲು ದಾಟಿದರೆ ಸಿಗುವ ಹಜಾರವನ್ನು ನೋಡಿ. ಗೋಡೆ, ಕಂಬ, ಮೆಟ್ಟಿಲು ಎಲ್ಲಾ ಬಿಳಿ ಓಕ್ ಮರ. ಇದನ್ನು ಅಲ್ಲೇ ಕೆತ್ತಿದ್ದಲ್ಲ. ಶಿಕಾಗೊದಲ್ಲಿ ಅಳತೆಗೆ ತಕ್ಕಂತೆ ಮಾಡಿಸಿ, ರೈಲಿನಲ್ಲಿ ತರಿಸಿ, ಇಲ್ಲಿ ಜೋಡಿಸಿದ್ದು. ಈಗಿನ ಮಾಡ್ಯುಲರ್ ಕಿಚನ್ ಥರ, ಅಲ್ವಾ? ಕ್ರೇಗ್‌ಡಾರಕ್ ಎಂದರೆ ಗೇಲಿಕ್ ಭಾಷೆಯಲ್ಲಿ ಓಕ್ ಮರಗಳ ಕಲ್ಲುಜಾಗ. ಕಿಟಕಿಗಳಲ್ಲಿ ಬಣ್ಣದ ಗಾಜು, ಕೋಣೆಕೋಣೆಯಲ್ಲಿ ಬೆಂಕಿಗೂಡು, ನಾಲ್ಕನೇ ಮಹಡಿಯಲ್ಲಿ ಕುಣಿತಕ್ಕೆಂದೇ ದೊಡ್ಡ ಹಾಲ್.

ಇದನ್ನೆಲ್ಲ ಅನುಭವಿಸಲು ಯಜಮಾನ ಇರಲಿಲ್ಲ. ನಕ್ಷೆ ಮಾಡಿದ ವಾರೆನ್ ವಿಲಿಯಮ್ಸ್ 1888ರಲ್ಲಿ ತೀರಿಕೊಂಡ. 1889ರ ಏಪ್ರಿಲ್‌ನಲ್ಲಿ ಡನ್ಸ್‌ಮ್ಯೂರನೂ ಹೋದ. 1890ರಲ್ಲಿ ಗೃಹಪ್ರವೇಶ ಮಾಡಿದ್ದು ವಿಧವೆ ಜೋನ್, ಮದುವೆಯಾಗದ ಮೂವರು ಹೆಣ್ಣುಮಕ್ಕಳು, ತಬ್ಬಲಿಗಳಾದ ಇಬ್ಬರು ಮೊಮ್ಮಕ್ಕಳು.

ಉಯಿಲು ತೆರೆದಾಗ ಆಸ್ತಿಯೆಲ್ಲ ಜೋನ್ ಹೆಸರಿಗೆ. ಗಣಿ ತಮಗೇ ಎಂದು ನಂಬಿ ದುಡಿದಿದ್ದ ಗಂಡುಮಕ್ಕಳಾದ ಜೇಮ್ಸ್ ಮತ್ತು ಅಲೆಕ್ಸಾಂಡರ್ ಕಂಗಾಲಾದರು. ವರ್ಷಗಟ್ಟಲೆ ಜಗ್ಗಾಡಿ ಕೊನೆಗೆ ಗಣಿಗಳು ಅವರ ಕೈಗೆ ಬಂದವು. 1900ರಲ್ಲಿ ಅಲೆಕ್ಸಾಂಡರ್ ತೀರಿಕೊಂಡು ತನ್ನ ಪಾಲನ್ನು ಅಣ್ಣನಿಗೆ ಬರೆದಿಟ್ಟ. ತಾಯಿ ಕೋರ್ಟಿಗೆ ಹೋದಳು. ಜೇಮ್ಸ್ ಆಗ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಮುಖ್ಯಮಂತ್ರಿಯ ಮೇಲೆ ಹೆತ್ತ ತಾಯಿಯೇ ಕೇಸು! ತಾಯಿ ಮಗನ ನಡುವೆ ಮಾತೂ ನಿಂತುಹೋಯಿತು.

ಇದೇ ಜೇಮ್ಸ್ ಮುಂದೆ ಆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್, ಅಂದರೆ ನಮ್ಮ ರಾಜ್ಯಪಾಲರಂಥ ಹುದ್ದೆಯವನು, ಆದ. ಏಷ್ಯಾದವರು ಒಳಬರದಂತೆ ಶಾಸನಸಭೆ 1907ರಲ್ಲಿ ಮಸೂದೆ ಪಾಸು ಮಾಡಿದಾಗ ಅವನು ಅಂಕಿತ ಹಾಕಲಿಲ್ಲ. ಕರುಣೆಯಿಂದಲ್ಲ, ಗಣಿಗೆ ಅಗ್ಗದ ಕೂಲಿಗಳು ಬೇಕಲ್ಲ ಎಂದು ವಿರೋಧಿಗಳು ಬೈದರು. ಆ ಸೆಪ್ಟೆಂಬರಿನಲ್ಲಿ ದ್ವೀಪದಾಚೆಯ ವ್ಯಾಂಕೂವರ್ ನಗರದಲ್ಲಿ ಅವನ ಪ್ರತಿಕೃತಿ ಸುಟ್ಟರು. ಗುಂಪು ಚೀನೀ, ಜಪಾನೀ ಬೀದಿಗಳಿಗೆ ನುಗ್ಗಿ ಅಂಗಡಿಗಳ ಗಾಜು ಪುಡಿ ಮಾಡಿತು. ಅದೇ ವರ್ಷ ಅಲ್ಲಿದ್ದ ಭಾರತೀಯರ ಮತದಾನದ ಹಕ್ಕನ್ನೂ ಪ್ರಾಂತ್ಯ ಕಿತ್ತುಕೊಂಡಿತ್ತು.

1908ರಲ್ಲಿ ಜೋನ್ ಸತ್ತಳು. ಇಷ್ಟು ದೊಡ್ಡ ಮನೆ ಯಾರಿಗೂ ಬೇಡವಾಯಿತು. ಸಾಮಾನು ಸರಂಜಾಮು ಹರಾಜಾಗಿ ದಿಕ್ಕುದಿಕ್ಕಿಗೆ ಹೋಯಿತು. 28 ಎಕರೆ ಕಾಂಪೌಂಡನ್ನು ಒಬ್ಬ ಡೆವಲಪರ್ ಕೊಂಡು ಸೈಟು ಮಾಡಿದ. ಮನೆಯನ್ನು ಕೊಳ್ಳುವವರಿಲ್ಲ, ಸರಿ, ಡ್ರಾಗೆ ಇಟ್ಟ. ಗೆದ್ದವನು ಸಾಲೊಮನ್ ಕ್ಯಾಮರಾನ್. ಪುಕ್ಕಟೆ ಬಂದ ಅರಮನೆಯನ್ನು ಅಡ ಇಟ್ಟು ಅವನು ಬೇರೆ ಬೇರೆ ವ್ಯವಹಾರಕ್ಕೆ ಕೈ ಹಾಕಿದ. ಎಲ್ಲಾ ಮುಳುಗಿತು. ಮನೆ ಬ್ಯಾಂಕಿನ ಪಾಲಾಯಿತು.

ಆಮೇಲೆ ಅದು ಸರದಿಯಲ್ಲಿ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಯಾಯಿತು, 1921ರಿಂದ ವಿಕ್ಟೋರಿಯಾ ಕಾಲೇಜಾಯಿತು. ಎರಡನೇ ಯುದ್ಧ ಮುಗಿದ ಮೇಲೆ ವಾಪಸಾದ ಯೋಧರೂ ಕಾಲೇಜಿಗೆ ಸೇರಿ, ಕಾಲಿಡಲೂ ಜಾಗ ಇಲ್ಲದಂತಾಯಿತು. ಬೆಂಕಿ ಬಿದ್ದರೆ ಗತಿಯೇನು ಎಂದು ವಿದ್ಯಾರ್ಥಿಗಳು 1946ರಲ್ಲಿ ಶಾಸನಸಭೆಗೆ ಮೆರವಣಿಗೆ ಹೋದರು. ಕಾಲೇಜು ಜಾಗ ಬದಲಿಸಿತು. ಅದೇ ಮುಂದೆ ವಿಕ್ಟೋರಿಯಾ ವಿಶ್ವವಿದ್ಯಾಲಯವಾಯಿತು. ಅರಮನೆಗೆ ಶಾಲಾ ಮಂಡಳಿಯ ಕಚೇರಿ ಬಂತು, ಆಮೇಲೆ ಸಂಗೀತ ಶಾಲೆ. ನನ್ನ ಪ್ರಕಾರ ಮನೆ ಉಳಿದದ್ದೇ ಈ ಬಾಡಿಗೆದಾರರಿಂದ. ಖಾಲಿ ಬಿದ್ದಿದ್ದರೆ ಅದನ್ನೂ ಕೆಡವಿ ಇನ್ನೆರಡು ಸೈಟು ಮಾಡುತ್ತಿದ್ದರು.

ಜೇಮ್ಸ್ ನೆಸ್ಬಿಟ್ ಎಂಬ ಪತ್ರಕರ್ತ 1959ರಲ್ಲಿ ಸಂರಕ್ಷಣಾ ಸಂಘ ಕಟ್ಟಿದ. 1979ರಲ್ಲಿ ಸಂಗೀತ ಶಾಲೆಯೂ ಜಾಗ ಬಿಟ್ಟಿತು, ಇಡೀ ಮನೆ ಮ್ಯೂಸಿಯಂ ಆಯಿತು. ಹರಾಜಿನಲ್ಲಿ ಚದುರಿದ ಕುರ್ಚಿ, ಕಪಾಟು, ಚಿತ್ರಗಳನ್ನು ಅಂದಿನಿಂದ ಹುಡುಕಿ ತರುತ್ತಿದ್ದಾರೆ. ಯಾರದೋ ಮೊಮ್ಮಕ್ಕಳ ಮನೆಯಲ್ಲಿದ್ದ ಸಾಮಾನು ಮತ್ತೆ ತನ್ನ ಹಳೇ ಮೂಲೆಗೆ ಬಂದು ಕೂರುತ್ತದೆ.

ಹೋಗುವುದಾದರೆ ಒಳ್ಳೆ ಚಪ್ಪಲಿ ಹಾಕಿಕೊಳ್ಳಿ. ಒಳಗೆ ಲಿಫ್ಟ್ ಇಲ್ಲ. ಗೋಪುರಕ್ಕೆ 87 ಮೆಟ್ಟಿಲು. ಮೇಲಿನಿಂದ ಕೆಳಗೆ ನೋಡಿದರೆ ಮನೆಯಂಚಿಗೇ ಒತ್ತಿಕೊಂಡಂತೆ ಬೇರೆಯವರ ಮನೆಗಳು, ಹಿತ್ತಿಲುಗಳು. 1910ರ ಸೈಟುಗಳು ಅವೇ. ಅದರಾಚೆ ಸಮುದ್ರ, ಸಮುದ್ರದಾಚೆ ಅಮೆರಿಕದ ಹಿಮದ ಬೆಟ್ಟಗಳು.