ಒಂದೇ ಸುವಾರ್ತೆ ಕೇಳಿ ಒಬ್ಬರು ಅಳುವುದೇಕೆ, ಇನ್ನೊಬ್ಬರು ಎದ್ದು ಹೋಗುವುದೇಕೆ?

ಪ್ರಶ್ನೆ: ಕ್ರಿಸ್ಮಸ್ ಆರಾಧನೆಗೆ ನೆಂಟರನ್ನೂ ಕರೆದಿದ್ದೆವು. ಬೋಧನೆ ಕೇಳುತ್ತಾ ನನ್ನ ತಂಗಿ ಅತ್ತುಬಿಟ್ಟಳು. ಅತ್ತೆಯವರು ‘ಚೆನ್ನಾಗಿತ್ತು, ಇನ್ನೊಂದು ಸಲ ಬರುತ್ತೇನೆ’ ಎಂದರು. ಭಾವನವರು ಅರ್ಧದಲ್ಲೇ ಎದ್ದು ಹೊರಗೆ ಹೋದರು. ಕೇಳಿದ್ದು ಒಂದೇ ಮಾತು. ಹೀಗೇಕೆ? ನಾವು ಸರಿಯಾಗಿ ಹೇಳಲಿಲ್ಲವೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದುತ್ತಲೇ ನನಗೆ ಗ್ರೀಸಿನ ಅಥೇನೆ (ಅಥೆನ್ಸ್) ಪಟ್ಟಣ ನೆನಪಾಯಿತು. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ ತೆರೆದು ನೋಡಿ. ಸುವಾರ್ತೆ ಸಾರುತ್ತಾ ಬಂದ ಅಪೊಸ್ತಲ ಪೌಲನು ಅಲ್ಲಿನ ಹಿರಿಯರ ಸಭೆಯಾದ ಅರಿಯೊಪಾಗದಲ್ಲಿ ನಿಂತು ಮಾತನಾಡುತ್ತಾನೆ. ಸತ್ತವರು ಎದ್ದು ಬರುವ ಮಾತು ಬಂದದ್ದೇ ತಡ, ಕೆಲವರು ಗೇಲಿ ಮಾಡುತ್ತಾರೆ. ಕೆಲವರು ‘ಇದನ್ನು ಇನ್ನೊಮ್ಮೆ ಕೇಳುತ್ತೇವೆ’ ಎನ್ನುತ್ತಾರೆ. ದಿಯೊನುಸ್ಯ ಎಂಬ ಸಭಾಸದಸ್ಯ, ದಾಮರಿ ಎಂಬ ಹೆಂಗಸು ಮತ್ತು ಇನ್ನು ಕೆಲವರು ನಂಬುತ್ತಾರೆ. ನಿಮ್ಮ ಮನೆಯ ಮೂವರೂ ಅಲ್ಲಿದ್ದಾರೆ. ಪೌಲನಿಗೇ ಹಾಗಾಗಿರುವಾಗ ತಪ್ಪು ನಮ್ಮದೇ ಎಂದು ಕೊರಗಬೇಡಿ.

ಏಕೆ ಹೀಗೆ ಎಂಬುದಕ್ಕೆ ಯೇಸು ಸ್ವಾಮಿ ಹೇಳಿದ ಬಿತ್ತುವವನ ಸಾಮ್ಯವೇ (ದೃಷ್ಟಾಂತದ ಕಥೆಯೇ) ಉತ್ತರ. ಅದರಲ್ಲಿ ಬೀಜವೆಂದರೆ ದೇವರ ವಾಕ್ಯ, ಅದು ಬೀಳುವ ನೆಲವೆಂದರೆ ಕೇಳುವವರ ಮನಸ್ಸು. ದಾರಿಯ ಮೇಲೆ ಬಿದ್ದದ್ದನ್ನು ಹಕ್ಕಿಗಳು ತಿಂದವು, ಬಂಡೆಯ ಮೇಲಿನದು ಬೇಗ ಮೊಳೆತು ಒಣಗಿತು, ಮುಳ್ಳಿನಲ್ಲಿ ಬಿದ್ದದ್ದು ಅಡಗಿಹೋಯಿತು, ಒಳ್ಳೆಯ ನೆಲದಲ್ಲಿ ಬಿದ್ದದ್ದು ಫಲ ಕೊಟ್ಟಿತು. ಕೂರಿಗೆಯಲ್ಲಿ ಸಾಲು ಹಿಡಿದು ರಾಗಿ ಬಿತ್ತುವ ನಮ್ಮ ಕಡೆಯವರಿಗೆ ಅದು ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ. ದಾರಿಯ ಮೇಲೆ, ಬಂಡೆಯ ಮೇಲೆ, ಮುಳ್ಳಿನಲ್ಲಿ ಯಾರಾದರೂ ಬೀಜ ಹಾಕುತ್ತಾರೆಯೇ? ಆದರೆ ಆ ನಾಡಿನಲ್ಲಿ ಬೀಜವನ್ನು ಕೈಯಿಂದ ಎರಚುತ್ತಿದ್ದರು. ಎರಚಿದ್ದು ಎಲ್ಲ ಕಡೆಗೂ ಬೀಳುತ್ತಿತ್ತು.

ಅರಸೀಕೆರೆ ಕಡೆಯ ನಮ್ಮ ಹೊಲದ ಮೂಲೆಯಲ್ಲಿ ಒಂದು ಹಾಸುಬಂಡೆ ಇತ್ತು. ಅದರ ಮೇಲೆ ಗೇಣುದ್ದ ಮಣ್ಣೂ ಇರಲಿಲ್ಲ. ಮಳೆ ಬಿದ್ದ ಮೇಲೆ ಇಡೀ ಹೊಲದಲ್ಲಿ ಮೊದಲು ಹಸಿರಾಗುತ್ತಿದ್ದದ್ದು ಅದೇ ಮೂಲೆ. ಚಿಕ್ಕವನಿದ್ದಾಗ ನಾನು ಅದೇ ಒಳ್ಳೆಯ ಪೈರೆಂದು ಓಡಿಹೋಗಿ ಅಪ್ಪನನ್ನು ಕರೆದು ತೋರಿಸುತ್ತಿದ್ದೆ. ಅಪ್ಪ ಮಾತನಾಡುತ್ತಿರಲಿಲ್ಲ. ನಾಲ್ಕು ದಿನ ಬಿಸಿಲು ಬಂದರೆ ಅದರ ಗರಿಗಳು ಸುರುಳಿಯಾಗಿ, ಹಿಡಿದೆಳೆದರೆ ಬೇರುಸಮೇತ ಕೈಗೆ ಬರುತ್ತಿದ್ದವು.

ಆದ್ದರಿಂದ ನಿಮ್ಮ ಭಾವನವರಿಗಿಂತ ನಿಮ್ಮ ತಂಗಿಯ ಬಗ್ಗೆ ನನಗೆ ಹೆಚ್ಚು ಕಾಳಜಿ. ಕಣ್ಣೀರು ಸುಳ್ಳೆಂದು ಹೇಳುತ್ತಿಲ್ಲ. ಪೆಂತೆಕೊಸ್ತ ಎಂಬ ಯೆಹೂದ್ಯರ ಹಬ್ಬದಂದು ಯೇಸುವಿನ ಶಿಷ್ಯ ಪೇತ್ರನ ಮಾತು ಕೇಳಿದವರ ಹೃದಯಕ್ಕೂ ಅಲಗು ನೆಟ್ಟಂತಾಗಿತ್ತು. ಆದರೆ ಅವರು ಅಷ್ಟಕ್ಕೇ ನಿಲ್ಲದೆ, ‘ನಾವೇನು ಮಾಡಬೇಕು’ ಎಂದು ಕೇಳಿದರು, ಬೋಧನೆಯಲ್ಲೂ ಅನ್ಯೋನ್ಯತೆಯಲ್ಲೂ ನಿರತರಾದರು. ನಿಮ್ಮ ತಂಗಿಯ ಜೊತೆ ಕುಳಿತು ಲೂಕನ ಸುವಾರ್ತೆಯನ್ನು ನಿಧಾನವಾಗಿ ಓದಿ. ಬೇರಿಗೆ ಮಣ್ಣು ಬೇಕು.

ಅತ್ತೆಯವರ ಮಾತು ನಮ್ಮಲ್ಲಿ ತೀರಾ ಸಾಮಾನ್ಯ. ‘ಸಮಯ ದೊರೆತಾಗ ಕರೆಸುತ್ತೇನೆ’ ಎಂದು ರೋಮನ್ ಅಧಿಪತಿ ಫೆಲಿಕ್ಸನೂ ಪೌಲನಿಗೆ ಹೇಳಿದ್ದ. ಮನೆ, ಸಾಲ, ಮಗಳ ಮದುವೆ, ಕಾಫಿ ಬೆಲೆ, ಇವು ಯಾವುವೂ ಕೆಟ್ಟವಲ್ಲ. ಯೇಸು ಸ್ವಾಮಿ ಮುಳ್ಳು ಎಂದದ್ದು ಇಂತಹ ಚಿಂತೆಗಳನ್ನು ಮತ್ತು ಐಶ್ವರ್ಯದ ಮೋಸವನ್ನು.

ಇನ್ನು ಭಾವನವರು. ದಾರಿಯ ನೆಲ ತಾನಾಗಿಯೇ ಗಟ್ಟಿಯಾಗುವುದಿಲ್ಲ, ತುಳಿದು ತುಳಿದು ಗಟ್ಟಿಯಾಗುತ್ತದೆ. ಅವರನ್ನು ತುಳಿದವರು ಯಾರು ಎಂದು ನಾವು ಕೇಳಿಕೊಳ್ಳಬೇಕು. ಸುವಾರ್ತೆ ಸಾರುತ್ತೇವೆಂದು ಹೋಗಿ ಇನ್ನೊಬ್ಬರ ಮನೆದೇವರನ್ನು ಹೀಯಾಳಿಸಿದವರು ನಮ್ಮಲ್ಲಿ ಇದ್ದಾರೆ. ಅದು ಪಾಪ ಎಂದೇ ನಾನು ಹೇಳುತ್ತೇನೆ. ಜೊತೆಗೆ ಊರಿನಲ್ಲಿ ಮದುವೆ, ಸಾವು, ಜಾತ್ರೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಮಾತನ್ನು ಒಪ್ಪಿದರೆ ಎಷ್ಟು ಮನೆಗಳ ಬಾಗಿಲು ಮುಚ್ಚೀತು ಎಂಬ ಲೆಕ್ಕ ಅವರ ತಲೆಯಲ್ಲಿ ಓಡಿರಬಹುದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಹೇಳಿದ್ದು ಯೇಸು ಸ್ವಾಮಿಯೇ. ಎದ್ದು ಹೋದವರು ಕೆಲವೊಮ್ಮೆ ಕುಳಿತವರಿಗಿಂತ ಗಮನವಿಟ್ಟು ಕೇಳಿರುತ್ತಾರೆ. ಯೋಚಿಸಿಯೇ ಬೇಡವೆಂದಿದ್ದರೆ ಅದೂ ಅವರ ಹಕ್ಕು. ಮನಸ್ಸನ್ನು ಬಲವಂತವಾಗಿ ಬಗ್ಗಿಸುವುದಕ್ಕೆ ಸುವಾರ್ತೆ ಎಂಬ ಹೆಸರಿಲ್ಲ.

ನಿಕೊದೇಮನೆಂಬ ಯೆಹೂದ್ಯ ಮುಖಂಡನನ್ನು ನೋಡಿ. ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಅವನು ರಾತ್ರಿ ಹೊತ್ತು ಯೇಸುವಿನ ಬಳಿ ಬಂದು, ಪ್ರಶ್ನೆ ಕೇಳಿ, ಯಾವ ಒಪ್ಪಿಗೆಯನ್ನೂ ಕೊಡದೆ ಕಣ್ಮರೆಯಾಗುತ್ತಾನೆ. 7ರಲ್ಲಿ ಯೇಸುವನ್ನು ವಿರೋಧಿಸುವ ಮುಖಂಡರ ನಡುವೆ, ಒಬ್ಬನನ್ನು ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವೇ ಎಂದು ಒಂದೇ ಮಾತು ಕೇಳುತ್ತಾನೆ. 19ರಲ್ಲಿ ಯೇಸುವಿನ ದೇಹವನ್ನು ಸಮಾಧಿ ಮಾಡಲು ಸುಮಾರು 30 ಕಿಲೋಗೂ ಮಿಕ್ಕ ಸುಗಂಧದ್ರವ್ಯವನ್ನು ತರುತ್ತಾನೆ. ಈ ಮೂರರ ನಡುವೆ ಅವನೊಳಗೆ ಏನಾಯಿತೆಂದು ಯೋಹಾನನು ಬರೆದಿಲ್ಲ.

ಭಾವನವರನ್ನು ಬರುವ ಭಾನುವಾರ ಊಟಕ್ಕೆ ಕರೆಯಿರಿ. ಆರಾಧನೆಗಲ್ಲ, ಊಟಕ್ಕೆ. ಅವರಾಗಿಯೇ ಮಾತೆತ್ತುವವರೆಗೆ ಕ್ರಿಸ್ಮಸ್ ದಿನದ ವಿಷಯ ತೆಗೆಯಬೇಡಿ.