ದವಡೆಯ ಕಪ್ಪು ನೆರಳು: ಓಕೆಸಿಯೋ, ಅಮೆಲೋಬ್ಲಾಸ್ಟೋಮಾವೋ?

ಹೋದ ವಾರ ಡೆಂಟಲ್ ಕಾಲೇಜಿನ ಪೋಸ್ಟಿಂಗ್‌ನಲ್ಲಿ ಮೇಡಂ ಒಂದು ಓಪಿಜಿ ಫಿಲ್ಮ್ (ಇಡೀ ದವಡೆಯ ಎಕ್ಸ್-ರೇ) ಎತ್ತಿ ಹಿಡಿದು "ಏನಿದು?" ಎಂದರು. ಕೆಳದವಡೆಯ ಎಡಗಡೆ, ಬುದ್ಧಿಹಲ್ಲಿನ ಜಾಗದಿಂದ ರೇಮಸ್‌ನ (ದವಡೆ ಕಿವಿಯ ಕಡೆಗೆ ಏರುವ ಭಾಗ) ಅರ್ಧದವರೆಗೆ ಕಪ್ಪು ನೆರಳು. ಒಳಗೆ ಒಂದೆರಡು ಗೆರೆ, ಕೋಣೆ ಕೋಣೆಯ ಹಾಗೆ. ನಾನು ಜೋರಾಗಿ "ಅಮೆಲೋಬ್ಲಾಸ್ಟೋಮಾ" ಅಂದೆ, ಅಂದರೆ ಹಲ್ಲು ಕಟ್ಟುವ ಅಂಗಾಂಶದ ಗೆಡ್ಡೆ. "ಕೋಣೆ ಕಂಡರೆಲ್ಲ ಅದೇನಾ? ದವಡೆ ಉಬ್ಬಿದೆಯಾ ಅಂತ ಮುಟ್ಟಿ ನೋಡಿದ್ಯೇನಮ್ಮ?" ಅಂದರು. ಮುಟ್ಟಿರಲಿಲ್ಲ. ಬಯಾಪ್ಸಿ ರಿಪೋರ್ಟ್ ಓಡೊಂಟೊಜೆನಿಕ್ ಕೆರಟೋಸಿಸ್ಟ್, ಅಂದರೆ ನಮ್ಮ ಓಕೆಸಿ ಅಂತ ಬಂತು. ಅದು ಸಿಸ್ಟ್, ಮೂಳೆಯೊಳಗಿನ ಚೀಲ. ಆ ಅವಮಾನ ಆರುವ ಮೊದಲೇ ಇದನ್ನು ಬರೆದಿಡುತ್ತಿದ್ದೇನೆ.

ಉಬ್ಬಿದೆಯಾ, ಉದ್ದಕ್ಕೆ ಹರಿದಿದೆಯಾ?

ಜಾಗ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಅಮೆಲೋಬ್ಲಾಸ್ಟೋಮಾ ಸುಮಾರು 80% ಕೆಳದವಡೆಯಲ್ಲೇ ಬರುತ್ತದೆ, ಅದರಲ್ಲೂ ಹಿಂದುಗಡೆ ಜಾಸ್ತಿ. ಓಕೆಸಿಗೂ ಅದೇ ಜಾಗ ಇಷ್ಟ. ಎರಡರಲ್ಲೂ ಕೋಣೆಗಳಿರಬಹುದು. ಹುಟ್ಟದೆ ಒಳಗೇ ಉಳಿದ ಹಲ್ಲನ್ನು ಎರಡೂ ಸುತ್ತಿಕೊಂಡಿರಬಹುದು.

ಬೇರೆ ಮಾಡುವುದು ಬೆಳೆಯುವ ದಿಕ್ಕು. ಓಕೆಸಿ ಮೂಳೆಯ ಒಳಗಿನ ಮೆತ್ತನೆಯ ಭಾಗದಲ್ಲಿ ಹಿಂದೆ-ಮುಂದೆ ಹರಿಯುತ್ತದೆ. ಬಿಲದಲ್ಲಿ ಇಲಿ ಓಡಿದ ಹಾಗೆ. ಅದಕ್ಕೇ ಎಕ್ಸ್-ರೇಯಲ್ಲಿ ಅಷ್ಟು ದೊಡ್ಡದಿದ್ದರೂ ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಮೆಲೋಬ್ಲಾಸ್ಟೋಮಾ ಮೂಳೆಯನ್ನು ಕೆನ್ನೆಯ ಕಡೆಗೂ ನಾಲಿಗೆಯ ಕಡೆಗೂ ತಳ್ಳುತ್ತದೆ. ನೋವು ಸಾಮಾನ್ಯವಾಗಿ ಇರುವುದಿಲ್ಲ, ಮುಖ ಮಾತ್ರ ಸೊಟ್ಟಗಾಗುತ್ತದೆ. ಮೂಳೆ ತೀರಾ ತೆಳುವಾದಾಗ ಒತ್ತಿದರೆ ಮೊಟ್ಟೆ ಚಿಪ್ಪು ಒತ್ತಿದ ಹಾಗೆ ಪಟಪಟ ಅನ್ನುತ್ತದೆ. ಹಲ್ಲಿನ ಬೇರುಗಳು ಚಾಕುವಿನಿಂದ ಕೊಯ್ದಂತೆ ಕರಗಿರುವುದೂ ಅಮೆಲೋಬ್ಲಾಸ್ಟೋಮಾದಲ್ಲೇ ಜಾಸ್ತಿ.

ನಾನು ಎಡವಿದ್ದು ಇಲ್ಲಿ. ಓಪಿಜಿ ಅಂದರೆ ಬಾಗಿದ ದವಡೆಯನ್ನು ರೊಟ್ಟಿಯ ಹಾಗೆ ಚಪ್ಪಟೆ ಮಾಡಿ ತೋರಿಸುವ ಚಿತ್ರ. ಅದರಲ್ಲಿ ಉದ್ದ ಕಾಣುತ್ತದೆ, ಎತ್ತರ ಕಾಣುತ್ತದೆ. ಕೆನ್ನೆಯಿಂದ ನಾಲಿಗೆಗೆ ಇರುವ ಅಗಲ ಕಾಣುವುದೇ ಇಲ್ಲ. ಅಂದರೆ ನನಗೆ ಬೇಕಾದ ಒಂದೇ ಸಂಗತಿ ಆ ಫಿಲ್ಮ್‌ನಲ್ಲಿ ಇರಲೇ ಇಲ್ಲ! ಅಗಲ ನೋಡಲು ಆಕ್ಲೂಸಲ್ ಎಕ್ಸ್-ರೇ (ಫಿಲ್ಮನ್ನು ಹಲ್ಲುಗಳ ನಡುವೆ ಕಚ್ಚಿಸಿ ತೆಗೆಯುವುದು) ಅಥವಾ ಸಿಟಿ ಬೇಕು. ಅದಕ್ಕೂ ಮೊದಲು ಬೆರಳು. ಹಾಗಂತ ಇದನ್ನೇ ಕಣ್ಣುಮುಚ್ಚಿ ನಂಬಬೇಡಿ. ಸಣ್ಣ ಅಮೆಲೋಬ್ಲಾಸ್ಟೋಮಾ ಉಬ್ಬಿರುವುದಿಲ್ಲ, ತುಂಬಾ ಹಳೆಯ ಓಕೆಸಿ ಉಬ್ಬಿರಬಹುದು.

ದವಡೆಯಲ್ಲಿ ಇದೇ ಥರ ಕಪ್ಪಾಗಿ ಕಾಣುವ ಇನ್ನಿಬ್ಬರು ಸುಲಭ. ಸತ್ತ ಹಲ್ಲಿನ ಬೇರಿನ ತುದಿಯಲ್ಲಿದ್ದರೆ ರೇಡಿಕ್ಯುಲರ್ ಸಿಸ್ಟ್, ಪಲ್ಪ್ ಟೆಸ್ಟ್ (ಹಲ್ಲಿಗೆ ಜೀವ ಇದೆಯಾ ಅಂತ ನೋಡುವುದು) ಮಾಡದೆ ಬಾಯಿ ಬಿಡಬೇಡಿ. ಹುಟ್ಟದ ಹಲ್ಲಿನ ಕುತ್ತಿಗೆಗೆ ಅಂಟಿಕೊಂಡು ಕಿರೀಟವನ್ನು ಸುತ್ತಿದ್ದರೆ ಡೆಂಟಿಜೀರಸ್ ಸಿಸ್ಟ್.

ಸೂಜಿ ಹಾಕಿ ನೋಡುವುದು

ಬಯಾಪ್ಸಿಗೆ ಮೊದಲು ದಪ್ಪ ಸೂಜಿ ಹಾಕಿ ಎಳೆಯಲೇಬೇಕು. ಹೊಳೆಯುವ ಕಣಗಳಿರುವ ಹಳದಿ ನೀರು ಬಂದರೆ ಮಾಮೂಲಿ ಸಿಸ್ಟ್. ಬಿಳಿ ಗಸಿಯಂಥದ್ದು, ಒಡೆದ ಹಾಲಿನ ಹಾಗೆ ಬಂದರೆ ಓಕೆಸಿ, ಅದು ಕೆರಟಿನ್ (ಉಗುರು, ಕೂದಲಲ್ಲಿರುವ ಪ್ರೋಟೀನ್). ಏನೂ ಬರದಿದ್ದರೆ ಗಟ್ಟಿ ಗೆಡ್ಡೆಯೋ ಖಾಲಿ ಗುಳಿಯೋ ಇರಬೇಕು. ಕೆಂಪು ರಕ್ತ ತಾನಾಗೇ ಸಿರಿಂಜ್ ತುಂಬಿದರೆ ಅಲ್ಲಿಗೇ ನಿಲ್ಲಿಸಿ. ಮೂಳೆಯೊಳಗಿನ ಹೆಮಾಂಜಿಯೋಮಾ (ರಕ್ತನಾಳಗಳ ಗಂಟು) ಇರಬಹುದು. ಗೊತ್ತಿಲ್ಲದೆ ಹಲ್ಲು ಕಿತ್ತರೆ ಕುರ್ಚಿಯಲ್ಲೇ ಜೀವ ಹೋಗಬಹುದು.

ಮೈಕ್ರೋಸ್ಕೋಪ್‌ನಲ್ಲಿ

ಓಕೆಸಿಯ ಒಳಪದರ 6ರಿಂದ 8 ಜೀವಕೋಶದಷ್ಟೇ ದಪ್ಪ. ಮೇಲ್ಭಾಗ ಅಲೆ ಅಲೆ, ಕೆಳಭಾಗ ಚಪ್ಪಟೆ. ಈ "ಚಪ್ಪಟೆ" ಪದಕ್ಕೆ ಅಡಿಗೆರೆ ಹಾಕಿ, ಮುಂದೆ ಬೇಕಾಗುತ್ತದೆ. ಸೋಂಕಾದ ಜಾಗದಿಂದ ತುಂಡು ತೆಗೆದರೆ ಈ ಗುರುತುಗಳೆಲ್ಲ ಅಳಿಸಿಹೋಗಿ ಮಾಮೂಲಿ ಸಿಸ್ಟ್‌ನ ಹಾಗೆ ಕಾಣುತ್ತದೆ.

ಅಮೆಲೋಬ್ಲಾಸ್ಟೋಮಾಕ್ಕೆ ವಿಕರ್ಸ್ ಮತ್ತು ಗೋರ್ಲಿನ್ 1970ರಲ್ಲಿ ಹೇಳಿದ ಗುರುತುಗಳು: ಸಾಲಾಗಿ ನಿಂತ ಕಂಬದಂಥ ಕೋಶಗಳು, ಗಾಢ ನ್ಯೂಕ್ಲಿಯಸ್, ಅದು ಬುಡದ ಪೊರೆಯಿಂದ ದೂರ ಸರಿದಿರುವುದು. ಬೇಸ್‌ಮೆಂಟ್ ಬಿಟ್ಟು ಮಹಡಿ ಹತ್ತಿ ಕೂತಿದೆ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ.

ಹೆಸರಿನ ಗೊಂದಲವೂ ಒಂದಿದೆ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಓಕೆಸಿಯನ್ನು ಟ್ಯೂಮರ್ ಪಟ್ಟಿಗೆ ಸೇರಿಸಿತು. 2017ರಲ್ಲಿ ಮತ್ತೆ ಸಿಸ್ಟ್ ಪಟ್ಟಿಗೆ ತಂದಿತು. ಸೀನಿಯರ್ ಕೊಟ್ಟ ಹಳೆ ಪುಸ್ತಕದಲ್ಲಿ "ಕೆರಟೋಸಿಸ್ಟಿಕ್ ಓಡೊಂಟೊಜೆನಿಕ್ ಟ್ಯೂಮರ್" ಅಂತ ಇದ್ದರೆ ಗಾಬರಿ ಬೇಡ, ಅದೂ ಇದೇ.

ಎರಡೂ ಮರುಕಳಿಸುತ್ತವೆ. ಹಾಗಾದರೆ ಚಿಕಿತ್ಸೆ ಯಾಕೆ ಬೇರೆ?

ಎರಡು ದಿನ ನನ್ನ ತಲೆ ತಿಂದ ಪ್ರಶ್ನೆ ಇದು. ಓಕೆಸಿಯೂ ಮತ್ತೆ ಬರುತ್ತದೆ, ಅಮೆಲೋಬ್ಲಾಸ್ಟೋಮಾವೂ ಮತ್ತೆ ಬರುತ್ತದೆ. ಓಕೆಸಿಯನ್ನು ಸುಲಿದು ತೆಗೆದು, ಉಳಿದ ಕೋಶಗಳನ್ನು ಸಾಯಿಸಲು ಕಾರ್ನಾಯ್ಸ್ ದ್ರಾವಣ ಹಚ್ಚುತ್ತಾರೆ. ಅಮೆಲೋಬ್ಲಾಸ್ಟೋಮಾಕ್ಕೆ ಮೂಳೆಯನ್ನೇ ಕತ್ತರಿಸುತ್ತಾರೆ. ಯಾಕೆ? ಪುಸ್ತಕದಲ್ಲಿ ಎರಡೂ ಕಡೆ "ಮರುಕಳಿಸುವ ಸಂಭವ ಹೆಚ್ಚು" ಅಂತ ಬರೆದು ಮುಗಿಸಿದ್ದಾರೆ. ಉತ್ತರ ಇರುವುದು ಚೂರು ಎಲ್ಲಿ ಉಳಿಯುತ್ತದೆ ಅನ್ನುವುದರಲ್ಲಿ.

ಮಾಮೂಲಿ ಸಿಸ್ಟ್‌ಗೆ ದಪ್ಪ ಗೋಡೆ ಇರುತ್ತದೆ. ನೆನೆಸಿದ ಅವರೆಕಾಳು ಹಿತುಕಿದಾಗ ಸಿಪ್ಪೆ ಹೇಗೆ ಇಡಿಯಾಗಿ ಕೈಗೆ ಬರುತ್ತದೋ ಹಾಗೆ ಎದ್ದು ಬರುತ್ತದೆ. ಓಕೆಸಿಯದು ಹಾಲಿನ ಮೇಲಿನ ತೆಳು ಕೆನೆ. ಎತ್ತಲು ಹೋದರೆ ಕೈಗೆ ಅರ್ಧ, ಪಾತ್ರೆಗೆ ಅರ್ಧ. ಕೆಳಭಾಗ ಚಪ್ಪಟೆ ಅಂದೆನಲ್ಲ, ಹಾಗಾಗಿ ಒಳಪದರಕ್ಕೆ ಹಿಡಿತ ಇಲ್ಲ, ಸುಲಭವಾಗಿ ಕಳಚುತ್ತದೆ, ಹರಿಯುತ್ತದೆ. ಜೊತೆಗೆ ಗೋಡೆಯಲ್ಲಿ ಮರಿ ಸಿಸ್ಟ್‌ಗಳು. ಆದರೆ ಗಮನಿಸಿ, ಉಳಿದ ಚೂರುಗಳು ಗುಳಿಯ ಗೋಡೆಗೇ ಅಂಟಿಕೊಂಡಿರುತ್ತವೆ, ದೂರ ಹೋಗಿರುವುದಿಲ್ಲ. ಕಾರ್ನಾಯ್ಸ್‌ನಲ್ಲಿ ಆಲ್ಕೊಹಾಲ್, ಕ್ಲೋರೋಫಾರ್ಮ್, ಅಸಿಟಿಕ್ ಆಮ್ಲ, ಫೆರಿಕ್ ಕ್ಲೋರೈಡ್ ಇರುತ್ತವೆ. 5 ನಿಮಿಷ ಇಟ್ಟರೆ ಅದು ಮೂಳೆಯೊಳಗೆ ಇಳಿಯುವುದು ಸುಮಾರು 1.5 ಮಿಮೀ ಮಾತ್ರ. ಗೋಡೆಗೆ ಅಂಟಿದ ಚೂರಿಗೆ ಅಷ್ಟು ಸಾಕು. (ಕೆಳದವಡೆಯ ನರ ಬರಿದಾಗಿದ್ದರೆ ಅದಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಕ್ಲೋರೋಫಾರ್ಮ್ ಬಿಟ್ಟ ದ್ರಾವಣವೂ ಬಳಕೆಯಲ್ಲಿದೆ.)

ಅಮೆಲೋಬ್ಲಾಸ್ಟೋಮಾ ಗರಿಕೆ ಹುಲ್ಲು. ಮೇಲೆ ಹಸಿರು ಕಂಡಲ್ಲಿಗೆ ಅದು ಮುಗಿಯುವುದಿಲ್ಲ, ಮಣ್ಣೊಳಗೆ ಇನ್ನೂ ಓಡಿರುತ್ತದೆ. ಮೂಳೆಯ ಸಣ್ಣ ಸಣ್ಣ ಸಂದುಗಳಲ್ಲಿ ಎಕ್ಸ್-ರೇ ಅಂಚಿನಿಂದಾಚೆ 2ರಿಂದ 8 ಮಿಮೀ ತನಕ ನುಗ್ಗಿರುತ್ತದೆ. ಈಗ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ. ದ್ರಾವಣ ತಲುಪುವುದು 1.5 ಮಿಮೀ, ಗೆಡ್ಡೆ ಹೋಗಿರುವುದು 8 ಮಿಮೀ. ಹಚ್ಚಿ ಏನು ಪ್ರಯೋಜನ? ಅದಕ್ಕೇ ಕಾಣುವ ಅಂಚಿನಿಂದ 1ರಿಂದ 1.5 ಸೆಂಮೀ ಆಚೆ ಮೂಳೆ ಕತ್ತರಿಸುವುದು. ಇದು ಹೊಳೆದ ಮೇಲೆ ನನಗೆ ಉಳಿದದ್ದನ್ನು ಬಾಯಿಪಾಠ ಮಾಡುವ ಕೆಲಸವೇ ಬರಲಿಲ್ಲ. ದವಡೆಯ ಕೆಳಅಂಚಿನಲ್ಲಿ ಗಟ್ಟಿ ಮೂಳೆ ಸಾಕಷ್ಟು ಉಳಿಯುವುದಾದರೆ ಅಂಚು ಬಿಟ್ಟು ಕತ್ತರಿಸಬಹುದು. ಇಲ್ಲದಿದ್ದರೆ ಇಡೀ ತುಂಡು ಹೋಗುತ್ತದೆ, ಕಾಲಿನ ಫಿಬುಲಾ ಮೂಳೆಯಿಂದ ದವಡೆ ಕಟ್ಟುತ್ತಾರೆ.

ಮಾರ್ಸೂಪಿಯಲೈಸೇಶನ್‌ಗೂ, ಅಂದರೆ ಸಿಸ್ಟ್‌ನ ಗೋಡೆಯಲ್ಲಿ ಬಾಯಿಯೊಳಕ್ಕೆ ಕಿಟಕಿ ತೆರೆದಿಡುವುದಕ್ಕೂ, ಇದೇ ದಾರಿಯಲ್ಲಿ ಯೋಚಿಸಿ. ಕಿಟಕಿ ತೆರೆದರೆ ಒಳಗಿನ ದ್ರವದ ಒತ್ತಡ ಇಳಿಯುತ್ತದೆ, ಸುತ್ತ ಮೂಳೆ ತುಂಬುತ್ತದೆ. ದೊಡ್ಡ ಓಕೆಸಿ ಇದರಿಂದ ಕುಗ್ಗುತ್ತದೆ, ಆಮೇಲೆ ಉಳಿದದ್ದನ್ನು ತೆಗೆಯಬಹುದು. ಗಟ್ಟಿ ಗೆಡ್ಡೆಯಲ್ಲಿ ಒತ್ತಡವೇ ಇಲ್ಲ, ಕಿಟಕಿ ತೆರೆದರೆ ಸುಮ್ನೆ ತೂತು ಅಷ್ಟೆ.

ನಡುವಿನ ಕಳ್ಳ

ಯೂನಿಸಿಸ್ಟಿಕ್ ಅಮೆಲೋಬ್ಲಾಸ್ಟೋಮಾ. ಚಿಕ್ಕ ವಯಸ್ಸಿನವರಲ್ಲಿ, ಒಂದೇ ಕೋಣೆ, ಹುಟ್ಟದ ಹಲ್ಲಿನ ಸುತ್ತ. ಎಕ್ಸ್-ರೇಯಲ್ಲಿ ಥೇಟ್ ಡೆಂಟಿಜೀರಸ್. ಸೂಜಿ ಹಾಕಿದರೆ ನೀರೂ ಬರುತ್ತದೆ! ಗೆಡ್ಡೆ ಒಳಪದರದಲ್ಲೇ ಇದ್ದರೆ ಅಥವಾ ಒಳಗಿನ ಖಾಲಿ ಜಾಗಕ್ಕೆ ಚಾಚಿದ್ದರೆ ಸುಲಿದು ತೆಗೆದರೆ ಸಾಕು. ಗೋಡೆಯೊಳಗೆ ನುಗ್ಗಿದ್ದರೆ, ಅದೇ ಮ್ಯೂರಲ್, ಗರಿಕೆ ಲೆಕ್ಕಕ್ಕೇ ಸೇರಿಸುತ್ತಾರೆ. ಸಣ್ಣ ತುಂಡಿನ ಬಯಾಪ್ಸಿಯಲ್ಲಿ ಇದು ತಪ್ಪಿಹೋಗಬಹುದು. ತೆಗೆದ ಪೂರ್ತಿ ಗೋಡೆಯನ್ನು ನೋಡಿದ ಮೇಲೇ ಖಚಿತ.

ಇನ್ನೆರಡು ಚಿಲ್ಲರೆ. ಒಬ್ಬರಲ್ಲೇ ನಾಲ್ಕೈದು ಓಕೆಸಿ ಕಂಡರೆ ಗೋರ್ಲಿನ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆ ನೆನಪಾಗಲಿ. ಎದೆಯ ಎಕ್ಸ್-ರೇಯಲ್ಲಿ ಕವಲೊಡೆದ ಪಕ್ಕೆಲುಬು, ಅಂಗೈಯಲ್ಲಿ ಸಣ್ಣ ಗುಳಿ ಹುಡುಕಿ, ಜೀನ್ ಪಿಟಿಸಿಎಚ್1. ಅಮೆಲೋಬ್ಲಾಸ್ಟೋಮಾದಲ್ಲಿ ಬ್ರಾಫ್ ಎಂಬ ಜೀನ್‌ನಲ್ಲಿ ವಿ600ಇ ಅನ್ನುವ ಬದಲಾವಣೆ ಇದೆ ಅಂತ 2014ರಲ್ಲಿ ಗೊತ್ತಾಯಿತು. ಅದನ್ನು ತಡೆಯುವ ಮಾತ್ರೆಗಳಿಂದ ಗೆಡ್ಡೆ ಕುಗ್ಗಿದ ವರದಿಗಳೂ ಬಂದಿವೆ.

ಓಕೆಸಿ ಮರುಕಳಿಸುವುದು ಮೊದಲ 5 ವರ್ಷದಲ್ಲಿ ಜಾಸ್ತಿ. ಅಮೆಲೋಬ್ಲಾಸ್ಟೋಮಾ 10 ವರ್ಷ ದಾಟಿದ ಮೇಲೂ ಬರಬಹುದು. ನೋವಿಲ್ಲದ ರೋಗಿ ತಾನಾಗಿ ವಾಪಸ್ ಬರುವುದು ಕಡಿಮೆ. ಕೇಸ್ ಶೀಟ್‌ನಲ್ಲಿ ಮನೆಯವರ ಫೋನ್ ನಂಬರ್ ಒಂದಲ್ಲ, ಎರಡು ಬರೆದುಕೊಳ್ಳಿ.