ಮನೆ ಹೋಗುತ್ತಿಲ್ಲ, ನಿದ್ದೆ ಹೋಗಿದೆ

"ಮನೆಯಲ್ಲಿ ಮಾತಾಡಿ ಹೇಳ್ತೇವೆ."

ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹಳೇ ಹಂಚಿನ ಮನೆಯನ್ನು ಮಾರಾಟಕ್ಕೆ ಇಟ್ಟವರಿಗೆಲ್ಲ ಈ ಮಾತು ಬಾಯಿಪಾಠ. ಬಂದವರು ಅಂಗಳ ನೋಡುತ್ತಾರೆ. ಬಾವಿಗೆ ಇಣುಕುತ್ತಾರೆ. ತೋಟಕ್ಕೆ ಇಳಿದು ಅಡಿಕೆ ಮರಗಳಿಗೆ ಎಷ್ಟು ವರ್ಷ ಆಯಿತು ಅಂತ ಕೇಳುತ್ತಾರೆ. ಬೆಲ್ಲ ನೀರು ಕುಡಿದು, ಈ ಮಾತು ಹೇಳಿ ಹೊರಡುತ್ತಾರೆ. ಆಮೇಲೆ ಸುದ್ದಿಯೇ ಇಲ್ಲ. ಬ್ರೋಕರ್‌ಗೆ ಫೋನ್ ಮಾಡಿದರೆ, "ಪಾರ್ಟಿ ಗಟ್ಟಿ ಉಂಟು ಅಣ್ಣಾ, ಎರಡು ದಿವಸ ನೋಡುವಾ" ಅನ್ನುತ್ತಾನೆ. ಆ ಎರಡು ದಿವಸ ಎರಡು ತಿಂಗಳಾದರೂ ಮುಗಿಯುವುದಿಲ್ಲ.

ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ. ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೇ ಓಡಬೇಕು. ತಲಪಾಡಿಯಿಂದ ಈಚೆಗೆ ಹೆದ್ದಾರಿ ಆರು ಪಥ ಆದ ಮೇಲೆ ಎಲ್ಲರ ಕಣ್ಣೂ ರಸ್ತೆ ಬದಿಯ ಜಾಗದ ಮೇಲೆ. ಒಳಗಿನ ಊರಿನಲ್ಲಿ ಒಂದು ಮನೆ, ಒಂದು ತೋಟ ಅಂದರೆ ಕೊಳ್ಳುವವರು ಬೆರಳೆಣಿಕೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುವುದು ತಪ್ಪುವುದಿಲ್ಲ ಅಲ್ವಾ?

ಈ ಕಡೆ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶುಭಕಾರ್ಯ ಮಾಡುವುದಿಲ್ಲ. ಮಲಯಾಳಿಗಳಿಗೆ ಅದೇ ಕರ್ಕಟಕ. ಮೇಲೆ ಜಡಿಮಳೆ. ಮನೆ ನೋಡಲು ಬರುವವರು ಅಪರೂಪ. ಲೆಕ್ಕಕ್ಕೆ ಅದು ಮಾರುವವರ ಪಾಲಿಗೆ ಅತಿ ಕೆಟ್ಟ ತಿಂಗಳಾಗಬೇಕಿತ್ತು. ಆದರೆ ಕೇಳಿ ನೋಡಿ, ಆ ತಿಂಗಳು ಮನಸ್ಸಿಗೆ ಸ್ವಲ್ಪ ಹಗುರ ಅನ್ನುವವರೇ ಜಾಸ್ತಿ. ಕಷ್ಟ ಶುರುವಾಗುವುದು ಅದರ ಮುಂದಿನ ಸೋಣ ತಿಂಗಳಲ್ಲಿ, ಫೋನ್ ಮತ್ತೆ ರಿಂಗಾಗತೊಡಗಿದಾಗ.

ಇದಕ್ಕೆ ವಿಜ್ಞಾನದಲ್ಲಿ ಒಳ್ಳೆಯ ಉತ್ತರ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 45 ಜನರನ್ನು ಕಂಪ್ಯೂಟರ್ ಆಟಕ್ಕೆ ಕೂರಿಸಿದರು. ಪರದೆಯ ಮೇಲೆ ಕಲ್ಲುಗಳು. ಕಲ್ಲಿನಡಿ ಹಾವು ಇದೆಯೋ ಇಲ್ಲವೋ ಅಂತ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗುವಂಥ ಕರೆಂಟ್ ಶಾಕ್. ಹಾವು ಸಿಗುವ ಸಾಧ್ಯತೆಯನ್ನು ನಡುನಡುವೆ ಬದಲಾಯಿಸುತ್ತಿದ್ದರು. ಜನರ ಬೆವರು ಅಳೆದರು, ಕಣ್ಣಿನ ಪಾಪೆ ಎಷ್ಟು ಹಿಗ್ಗುತ್ತದೆ ನೋಡಿದರು, ಎಷ್ಟು ಒತ್ತಡ ಆಗುತ್ತಿದೆ ಅಂತ ಬಾಯಿಬಿಟ್ಟೂ ಕೇಳಿದರು. ಖಂಡಿತ ಶಾಕ್ ಹೊಡೆಯುತ್ತದೆ ಅಂತ ಗೊತ್ತಿದ್ದಾಗ ಒತ್ತಡ ಅತಿ ಹೆಚ್ಚು ಇರಲಿಲ್ಲ. ಹೊಡೆಯಲೂಬಹುದು, ಹೊಡೆಯದೆಯೂ ಇರಬಹುದು ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲಿ ಅದು ತುದಿ ಮುಟ್ಟಿತ್ತು.

ಆಟಿ ತಿಂಗಳಲ್ಲಿ "ಇಲ್ಲ" ಎಂಬುದು ಖಚಿತ. ಸೋಣದಲ್ಲಿ ಪ್ರತಿ ಫೋನ್ ಕರೆಯೂ ಒಂದೊಂದು ಕಲ್ಲು. "ಮನೆಯಲ್ಲಿ ಮಾತಾಡಿ ಹೇಳ್ತೇವೆ" ಅಂದವರು ನಮ್ಮನ್ನು ಸರಿಯಾಗಿ ಆ ಅರ್ಧಕ್ಕರ್ಧದಲ್ಲಿ ನಿಲ್ಲಿಸಿ ಹೋಗುತ್ತಾರೆ. "ನಮಗೆ ಬೇಡ" ಅಂತ ಮುಖದ ಮೇಲೆ ಹೇಳಿ ಹೋಗುವವರೇ ನಿಜಕ್ಕೂ ಉಪಕಾರಿಗಳು ಎಂದು ನನ್ನ ಅಭಿಪ್ರಾಯ. ನಮ್ಮ ಊರಿನ ಮರ್ಯಾದೆಗೆ ಅದು ಒಗ್ಗುವುದಿಲ್ಲ, ಅದು ಬೇರೆ ಮಾತು.

ಹೀಗೆ ಕಾಯುವಾಗ ಒಳಗೆ ನಡೆಯುವುದು ಸರಳ. ಅಪಾಯ ಇದೆ ಅಂತ ಮೆದುಳಿಗೆ ಅನಿಸಿದರೆ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಮೊದಲು ಅಡ್ರಿನಲಿನ್, ಆಮೇಲೆ ಕಾರ್ಟಿಸಾಲ್ ರಕ್ತಕ್ಕೆ ಬರುತ್ತವೆ. ಎದೆ ಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಲು ಇದೆಲ್ಲ ಬೇಕೇ ಬೇಕು. ನಾಯಿ ಹೋದ ಮೇಲೆ ಎಲ್ಲ ಇಳಿಯುತ್ತದೆ. ಮನೆ ಮಾರಾಟದಲ್ಲಿ ನಾಯಿ ಹೋಗುವುದೇ ಇಲ್ಲ. ಬಿಪಿ, ಶುಗರ್ ಮೊದಲೇ ಇರುವ ಅರುವತ್ತು ದಾಟಿದವರಿಗೆ ಇದು ಬರೀ ಮನಸ್ಸಿನ ಮಾತಲ್ಲ.

ಇನ್ನು ರೇಟಿನ ವಿಷಯ. ಕಾಯುವ ಕಾಲವನ್ನು ಉದ್ದ ಮಾಡುವುದು ಹೆಚ್ಚಾಗಿ ಇದೇ.

ತಲೆಮಾರುಗಳಿಂದ ಬಂದ ಮನೆಗೆ ಕೊಂಡ ಬೆಲೆ ಅಂತ ಒಂದು ಇರುವುದಿಲ್ಲ. ಹಾಗಾಗಿ ಕಿವಿಗೆ ಬಿದ್ದ ರೇಟೇ ನಮ್ಮ ರೇಟಾಗುತ್ತದೆ. ಕುಂಬಳೆಯಲ್ಲಿ ಹೆದ್ದಾರಿ ಬದಿ ಸೆಂಟಿಗೆ ಇಷ್ಟು ಲಕ್ಷಕ್ಕೆ ಹೋಯಿತಂತೆ, ಉಪ್ಪಳದಲ್ಲಿ ಅಷ್ಟಕ್ಕೆ ಹೋಯಿತಂತೆ. ಆಧಾರದಲ್ಲಿ, ಅಂದರೆ ಕ್ರಯಪತ್ರದಲ್ಲಿ, ಬರೆದದ್ದು ಒಂದು, ಕೈ ಬದಲಾದದ್ದು ಇನ್ನೊಂದು ಎಂಬ ಮಾತು ಬೇರೆ ಇರುವುದರಿಂದ ಎಷ್ಟಕ್ಕೆ ಹೋಯಿತು ಅಂತ ಗಟ್ಟಿಯಾಗಿ ಹೇಳುವವರಿಲ್ಲ. ಆದರೂ ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ ಆ ಅಂಕಿ ತಲೆಯಲ್ಲಿ ಗೂಟ ಹೊಡೆದು ಕೂರುತ್ತದೆ.

ಇದರಿಂದ ತಪ್ಪಿಸಿಕೊಳ್ಳುವುದು ಪಳಗಿದವರಿಗೂ ಕಷ್ಟ. 1987ರಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಎಂಬ ಸಂಶೋಧಕರು ಅಮೆರಿಕದ ಅರಿಜೋನಾದಲ್ಲಿ ಮನೆ ಮಾರಾಟದ ಏಜೆಂಟರನ್ನೇ ಪರೀಕ್ಷೆ ಮಾಡಿದರು. ಎಲ್ಲರಿಗೂ ಒಂದೇ ಮನೆ ತೋರಿಸಿದರು, ಒಂದೇ ವಿವರದ ಕಟ್ಟು ಕೊಟ್ಟರು. ಮಾರುವವರು ಹೇಳಿದ ಬೆಲೆಯನ್ನು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ ಬರೆದರು. ಬೆಲೆ ಹೆಚ್ಚು ಇದ್ದ ಕಾಗದ ಸಿಕ್ಕಿದವರು ಮನೆಗೆ ಹೆಚ್ಚು ಬೆಲೆ ಕಟ್ಟಿದರು, ಕಡಿಮೆ ಇದ್ದವರು ಕಡಿಮೆ ಕಟ್ಟಿದರು. "ಆ ಅಂಕಿ ನೋಡಿ ಹೇಳಿದಿರಾ?" ಅಂತ ಕೇಳಿದರೆ ಹೌದು ಎಂದು ಒಪ್ಪಿದವರು ಬಹಳ ಕಡಿಮೆ. ಬ್ರೋಕರ್ ಹೇಳುವ ರೇಟಿನಲ್ಲಿ ನಾವೇ ಮೊದಲು ಹೇಳಿದ ರೇಟು ಅಡಗಿರುತ್ತದೆ. ಅದನ್ನೇ ಕೇಳಿ ನಾವು "ನೋಡಿ, ಬ್ರೋಕರ್ ಕೂಡ ಹಾಗೇ ಹೇಳಿದ" ಅನ್ನುತ್ತೇವೆ.

ಕೈಯಲ್ಲಿರುವ ವಸ್ತುವಿಗೆ ಮನಸ್ಸು ಹೆಚ್ಚು ಬೆಲೆ ಕಟ್ಟುತ್ತದೆ ಎಂಬುದು ಇನ್ನೊಂದು. ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಅದನ್ನು ಮಗ್ ಇಲ್ಲದ ಉಳಿದವರಿಗೆ ಮಾರಿ ಅಂತ ಹೇಳಿದ್ದರು. ಮಗ್ ಸಿಕ್ಕವರು ಕೇಳಿದ ಬೆಲೆ, ಇಲ್ಲದವರು ಕೊಡಲು ಒಪ್ಪಿದ್ದಕ್ಕಿಂತ ಸುಮಾರು ಎರಡು ಪಟ್ಟು. ಮಗ್ ಅವರ ಕೈಗೆ ಬಂದು ಹೆಚ್ಚು ಹೊತ್ತೂ ಆಗಿರಲಿಲ್ಲ. ಅಜ್ಜ ಕೆಂಪುಕಲ್ಲು ಕಡಿಸಿ ಕಟ್ಟಿಸಿದ ಮನೆಗೆ ಎಷ್ಟು ಪಟ್ಟು ಆಗಬೇಕು ನೀವೇ ಹೇಳಿ!

ಹಾಗಾದರೆ ಹಠ ಹಿಡಿಯುವುದು ದಡ್ಡತನವೇ? ಪೂರ್ತಿ ಅಲ್ಲ. ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ ಬೋಸ್ಟನ್ ನಗರದಲ್ಲಿ 1990ರ ದಶಕದ ಫ್ಲ್ಯಾಟ್ ಮಾರಾಟಗಳನ್ನು ಜಾಲಾಡಿ 2001ರಲ್ಲಿ ಒಂದು ಲೆಕ್ಕ ಕೊಟ್ಟರು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಆ ನಷ್ಟದ 25ರಿಂದ 35 ಶೇಕಡಾದಷ್ಟನ್ನು ತಾವು ಕೇಳುವ ಬೆಲೆಗೆ ಸೇರಿಸುತ್ತಿದ್ದರು. ಕೊನೆಗೆ ಹೆಚ್ಚಾಗಿ ಸಿಕ್ಕಿದ್ದು ಅದೇ ನಷ್ಟದ 3ರಿಂದ 18 ಶೇಕಡಾ ಮಾತ್ರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 10 ಲಕ್ಷ ನಷ್ಟ ಕಾಣುತ್ತಿದ್ದವರು ಎರಡೂವರೆ-ಮೂರೂವರೆ ಲಕ್ಷ ಮೇಲೆ ಹೇಳಿದರು. ಗಿಟ್ಟಿದ್ದು 30 ಸಾವಿರದಿಂದ 1 ಲಕ್ಷ 80 ಸಾವಿರ. ಸ್ವಲ್ಪ ಗಿಟ್ಟಿತು, ಸುಳ್ಳಲ್ಲ. ಆದರೆ ಅವರ ಫ್ಲ್ಯಾಟುಗಳು ಮಾರಾಟವಾಗದೆ ಉಳಿದದ್ದು ಹೆಚ್ಚು ಕಾಲ.

ಆ ಕಾಲಕ್ಕೂ ಬೆಲೆ ಇದೆ. ಯಾರೋ 40 ಲಕ್ಷಕ್ಕೆ ಕೇಳಿದರು ಅಂತಿಟ್ಟುಕೊಳ್ಳಿ. 43 ಬರಬೇಕು ಅಂತ ನೀವು ಬಿಟ್ಟಿರಿ. 40 ಲಕ್ಷವನ್ನು 6 ಶೇಕಡಾ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟಿದ್ದರೆ ವರ್ಷಕ್ಕೆ 2 ಲಕ್ಷ 40 ಸಾವಿರ, ತಿಂಗಳಿಗೆ 20 ಸಾವಿರ. ಎರಡು ವರ್ಷ ಕಾದು 43ಕ್ಕೆ ಮಾರಿದರೆ ಬಂದದ್ದು 3 ಲಕ್ಷ, ಹೋದದ್ದು 4 ಲಕ್ಷ 80 ಸಾವಿರ. ಅದರ ಮೇಲೆ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಬೇಕು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಿಸಬೇಕು, ಮರ ಹತ್ತುವವರನ್ನು ಹುಡುಕಿಕೊಂಡು ಅಲೆಯಬೇಕು. ತೋಟದ ಅಡಿಕೆ ಕೈಗೆ ಬರುತ್ತಿದ್ದರೆ, ನೀವು ಅಲ್ಲೇ ವಾಸ ಇದ್ದರೆ ಲೆಕ್ಕ ಬೇರೆ ಆಗಬಹುದು. ಬೀಗ ಹಾಕಿದ ಮನೆಗೆ ಮಾತ್ರ ಇದು ಪಕ್ಕಾ ನಷ್ಟ. ಕೈಯಿಂದ ಎಣಿಸಿ ಕೊಟ್ಟ ನಷ್ಟ ಅಲ್ಲದ ಕಾರಣ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಕೊಳ್ಳುವವರ ಕಡೆಯಿಂದಲೂ ಒಮ್ಮೆ ನೋಡಬೇಕು. ಕೇರಳದಲ್ಲಿ ಆಧಾರ ಮಾಡಿಸಲು ಮುದ್ರಾಂಕ ಶುಲ್ಕ 8 ಶೇಕಡಾ, ನೋಂದಣಿ ಶುಲ್ಕ 2 ಶೇಕಡಾ. 40 ಲಕ್ಷ ತೋರಿಸಿದರೆ ಅವರಿಗೆ 4 ಲಕ್ಷ ಮೇಲಿನ ಖರ್ಚು. ಅವರು ಚೌಕಾಸಿ ಮಾಡಿದರೆ ಅದು ನಿಮ್ಮ ಮನೆತನಕ್ಕೆ ಮಾಡಿದ ಅವಮಾನ ಅಲ್ಲ.

ದುಡ್ಡಿನ ಲೆಕ್ಕಕ್ಕೆ ಸಿಗದ ಒಂದು ಸಂಗತಿಯೂ ಇಲ್ಲಿದೆ. ಈ ಕಡೆ ಎಷ್ಟೋ ಜಾಗಗಳಲ್ಲಿ ಒಂದು ನಾಗನ ಕಟ್ಟೆ, ಒಂದು ದೈವದ ಕಲ್ಲು ಇರುತ್ತದೆ. ಕೊಳ್ಳುವವರು ದೀಪ ಇಡುತ್ತಾರೋ ಇಲ್ಲವೋ ಎಂಬ ಚಿಂತೆ ಮನೆಯ ಹಿರಿಯರನ್ನು ರೇಟಿಗಿಂತ ಜಾಸ್ತಿ ಕಾಡುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ. ಬದಲಿಗೆ ರೇಟು ಸಾಲದು ಅನ್ನುತ್ತಾರೆ. ನೆನಪಿಗೂ ನಂಬಿಕೆಗೂ ಕೊಳ್ಳುವವರು ದುಡ್ಡು ಕೊಡಲಾರರು. ಅದನ್ನು ರೇಟಿನಿಂದ ಬಿಡಿಸಿ ಬೇರೆಯಾಗಿಯೇ ಮಾತಾಡುವುದು ಒಳ್ಳೆಯದು. ಕಟ್ಟೆಯ ಸುತ್ತ ಒಂದೆರಡು ಸೆಂಟು ಮಾರದೆ ಇಟ್ಟುಕೊಳ್ಳಬಹುದು. ವರ್ಷಕ್ಕೊಮ್ಮೆ ತಂಬಿಲಕ್ಕೆ, ಅಂದರೆ ನಾಗ-ದೈವಗಳ ಪೂಜೆಗೆ, ಬಂದು ಹೋಗುವ ದಾರಿಯನ್ನು ಕರಾರಿನಲ್ಲೇ ಬರೆಸಬಹುದು. ಅಷ್ಟು ಆದ ಮೇಲೆ ರೇಟಿನ ಮಾತು ಎಷ್ಟು ಸಲೀಸು ಆಗುತ್ತದೆ ನೋಡಿ.

ಮೂಗಿನ ವಿಷಯವನ್ನೂ ಹೇಳಿಬಿಡುತ್ತೇನೆ. ಕೆಂಪುಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಮಳೆಗಾಲದಲ್ಲಿ ನೀರು ಹೀರುತ್ತದೆ. ಬಾಗಿಲು ಹಾಕಿಟ್ಟ ಕೋಣೆಯಲ್ಲಿ ಬೂಷ್ಟು ಬೆಳೆದು ಮುಗ್ಗಲು ವಾಸನೆ ಬರುತ್ತದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಸಾಕು, ಮೂಗು ಅದನ್ನು ಹೇಳುವುದನ್ನೇ ಬಿಡುತ್ತದೆ. ಹಾಗಾಗಿ ಮನೆಯವರಿಗೆ ಅದು ಗೊತ್ತೇ ಆಗುವುದಿಲ್ಲ, ಬಂದವರಿಗೆ ಹೊಸ್ತಿಲಲ್ಲೇ ಗೊತ್ತಾಗುತ್ತದೆ. ಅವರು ಹೇಳುವುದಿಲ್ಲ, ಸುಮ್ನೆ ಹೊರಡುತ್ತಾರೆ. ನೆಂಟರಲ್ಲಿ ಕಡ್ಡಿ ಮುರಿದ ಹಾಗೆ ಮಾತಾಡುವ ಒಬ್ಬರನ್ನು ಕರೆದು ಕೇಳಿ.

ಹೀಗೆ ನಮ್ಮ ಕೈಯಲ್ಲಿರುವುದನ್ನು ಮಾಡುತ್ತಾ ಹೋಗುವುದು ಮನೆ ಮಾರಾಟಕ್ಕಷ್ಟೇ ಅಲ್ಲ, ದೇಹಕ್ಕೂ ಒಳ್ಳೆಯದು. ಜೇ ವೈಸ್ ಎಂಬ ವಿಜ್ಞಾನಿ ಸುಮಾರು 1970ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದ್ದರು. ಎರಡು ಇಲಿಗಳ ಬಾಲಕ್ಕೆ ಒಂದೇ ಹೊತ್ತಿಗೆ, ಒಂದೇ ಪ್ರಮಾಣದ ಶಾಕ್. ಒಂದು ಇಲಿಗೆ ಮಾತ್ರ ಚಕ್ರ ತಿರುಗಿಸಿ ಶಾಕ್ ನಿಲ್ಲಿಸಲು ಆಗುತ್ತಿತ್ತು, ನಿಂತರೆ ಎರಡಕ್ಕೂ ನಿಲ್ಲುತ್ತಿತ್ತು. ಪೆಟ್ಟು ಇಬ್ಬರಿಗೂ ಸಮ. ಆದರೂ ಹೊಟ್ಟೆಯಲ್ಲಿ ಹುಣ್ಣು ಜಾಸ್ತಿ ಆದದ್ದು ಏನೂ ಮಾಡಲಾಗದೆ ಕೂತಿದ್ದ ಇಲಿಗೆ.

ನಮಗಿರುವ ಚಕ್ರ ಕಾಗದಪತ್ರ. ಹಿಂದಿನ ಆಧಾರಗಳು, ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ, ಇ.ಸಿ. (ಋಣಭಾರ ಪತ್ರ), ವಿಲೇಜ್ ಆಫೀಸಿನಿಂದ ಪೊಸೆಷನ್ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್. ಕೊಳ್ಳುವವರು ಸಾಲ ಮಾಡುವುದಾದರೆ ಬ್ಯಾಂಕು ಇವನ್ನೇ ಕೇಳುತ್ತದೆ. ಅಪ್ಪನ ಹೆಸರಿನಿಂದ ಮಕ್ಕಳ ಹೆಸರಿಗೆ ಪೋಕ್ಕುವರವು, ಅಂದರೆ ಖಾತೆ ಬದಲಾವಣೆ, ಆಗಿದೆಯೇ ನೋಡಿ. ವಿಲೇಜ್ ದಾಖಲೆಯಲ್ಲಿ ತೋಟದ ಒಂದು ಭಾಗ ಇನ್ನೂ ಗದ್ದೆ ಅಂತ ಇದ್ದರೆ 2008ರ ಗದ್ದೆ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಅದು ಅಡ್ವಾನ್ಸ್ ತೆಗೆದುಕೊಂಡ ಮೇಲೆ ಗೊತ್ತಾದರೆ ತಲೆನೋವು ಎರಡರಷ್ಟು. ಹೆಚ್ಚಿನ ಕಾಗದಗಳು ಮಲಯಾಳದಲ್ಲಿ ಇರುತ್ತವೆ. ಓದಲು ಬಾರದಿದ್ದರೆ ನಾಚಿಕೆ ಏನೂ ಬೇಡ, ಓದಬಲ್ಲವರನ್ನು ಕೂರಿಸಿ ಸಾಲು ಸಾಲಾಗಿ ಓದಿಸಿಕೊಳ್ಳಿ. ಯಾರೂ ಬಾರದ ಆಟಿ ತಿಂಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ರಾತ್ರಿಯ ನಿದ್ದೆಗೆ ಒಂದು ಸಣ್ಣ ಉಪಾಯ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗುವ ಮುಂಚೆ ಐದು ನಿಮಿಷ ಕೂತು ಮುಂದೆ ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟು ಒಳ್ಳೆಯದು. "ಮನೆ ಮಾರಬೇಕು" ಅಂತ ಬರೆದರೆ ಪ್ರಯೋಜನ ಇಲ್ಲ. "ನಾಳೆ ಹತ್ತು ಗಂಟೆಗೆ ವಿಲೇಜ್ ಆಫೀಸು, ತೀರ್ವೆ" ಅಂತ ಬರೆಯಬೇಕು. ಬ್ರೋಕರ್‌ಗೆ ಫೋನ್ ಮಾಡುವುದಕ್ಕೂ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಬುಧವಾರ ಸಂಜೆ ಅಂದರೆ ಬುಧವಾರ ಸಂಜೆ. ಉಳಿದ ದಿನ ಆ ಸುದ್ದಿ ಊಟದ ಹೊತ್ತಿಗೆ ಬೇಡ.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸತೊಡಗಿದರೆ ಪಟ್ಟಿ ಬರೆಯುವುದು ಸಾಲದು. ಡಾಕ್ಟರರಿಗೆ ತೋರಿಸಬೇಕು. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಕನ್ನಡವೂ ಉಂಟು.

ಪಾಲಿನ ಮನೆಯಾದರೆ ಅಣ್ಣತಮ್ಮ, ಅಕ್ಕತಂಗಿ ಎಲ್ಲರೂ ಒಮ್ಮೆ ಕೂತು ಎರಡು ವಿಷಯ ಬರೆದಿಡಬೇಕು: ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ರೇಟು, ಇಷ್ಟರ ಮೇಲೆ ಕಾಯುವುದಿಲ್ಲ ಎಂಬ ತಾರೀಕು. ಯಾರಾದರೂ ಮನೆ ನೋಡಲು ಬರುವ ಮೊದಲೇ ಇದು ಆಗಬೇಕು. ಕೊಳ್ಳುವವರು ಚಾವಡಿಯಲ್ಲಿ ಕೂತಿರುವಾಗ, ಬೆಂಗಳೂರಿನ ತಂಗಿಗೆ ಫೋನ್ ಹಚ್ಚಿ "ಎಷ್ಟಕ್ಕೆ ಕೊಡುವ?" ಅಂತ ಅಡುಗೆಮನೆಯಲ್ಲಿ ಪಿಸುಗುಟ್ಟುವುದರಲ್ಲಿ ಎಷ್ಟೋ ವ್ಯಾಪಾರ ಮುರಿದಿವೆ. ತಾರೀಕು ದಾಟಿದರೆ ರೇಟು ಎಷ್ಟು ಇಳಿಸುವುದು, ಅಥವಾ ಮಾರುವುದನ್ನು ಬಿಟ್ಟು ಮನೆಯನ್ನು ಬಾಡಿಗೆಗೆ ಕೊಡುವುದೋ, ಅದನ್ನೂ ಅದೇ ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.